ಅಂಕಪಟ್ಟಿ ಎಲ್ಲಿಯವರೆಗೆ ಜೊತೆ ಬರುತ್ತದೆ?

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದ ಮೇಲಿನ ಮೊದಲ ಭಾನುವಾರ ನಮ್ಮ ದೇವಾಲಯಗಳ ಅಂಗಳದಲ್ಲಿ ಮಾತೆಲ್ಲ ಒಂದೇ ಆಗಿರುತ್ತದೆ. ಬಲಿಪೂಜೆ ಮುಗಿಸಿ ಹೊರಬಂದವರು ಬೇವಿನ ಮರದ ನೆರಳಲ್ಲಿ ನಿಂತು ಯಾರ ಮಗನಿಗೆ ಎಷ್ಟು, ಯಾರ ಮಗಳಿಗೆ ಎಷ್ಟು ಎಂದು ವಿಚಾರಿಸುತ್ತಾರೆ. ಅಂಕ ಹೆಚ್ಚು ಬಂದ ಮನೆಯವರು ಗುಂಪಿನ ನಡುವೆ ನಿಲ್ಲುತ್ತಾರೆ. ಕಡಿಮೆ ಬಂದವರು ಬೇಗನೆ ಮನೆಯ ದಾರಿ ಹಿಡಿಯುತ್ತಾರೆ. ಈ ಸಲ ನಾವು ಮಸ್ಕಿಯ ಕಡೆಯ ಒಂದು ಹಳ್ಳಿಯಲ್ಲಿ ಇಂಥದೊಂದು ಗುಂಪಿನಲ್ಲಿ ನಿಂತಿದ್ದಾಗ ಹಿರಿಯರೊಬ್ಬರು ತಮ್ಮ ಮಗನ ವಿಷಯ ತೆಗೆದರು. ಹುಡುಗ ಗಣಿತ ಮತ್ತು ಇಂಗ್ಲಿಷಿನಲ್ಲಿ ಅನುತ್ತೀರ್ಣನಾಗಿದ್ದ. ಮತ್ತೆ ಪರೀಕ್ಷೆಗೆ ಕೂಡಿಸುವ ಬದಲು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಟಿದ್ದ ಗುಂಪಿನೊಡನೆ ಅವನನ್ನು ಕಳಿಸಿಬಿಡುವುದೆಂದು ಅವರು ನಿಶ್ಚಯಿಸಿದ್ದರು.

“ಓದಿದವ್ರು ಏನ್ ಮಾಡ್ಯಾರ್ರೀ? ನಮ್ಮ ಬಾಜೂ ಮನ್ಯಾಗ ನೋಡ್ರಿ, ದೊಡ್ಡಾವ ಬಿ.ಎ. ಪಾಸಾಗಿ ಮನ್ಯಾಗ ಕುಂತಾನ. ಸಣ್ಣಾವ ಹತ್ತನೆತ್ತಾ ಫೇಲಾಗಿ ಇವತ್ತು ನಾಲ್ಕ್ ಮಂದಿಗೆ ಪಗಾರ ಕೊಡ್ತಾನ” ಎಂದರು ಅವರು.

ಸುತ್ತ ನಿಂತವರು ತಲೆದೂಗಿದರು. ಒಬ್ಬರೂ ಎದುರಾಡಲಿಲ್ಲ. ನಮಗೂ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲವೆಂದು ಒಪ್ಪಿಕೊಳ್ಳಬೇಕು. ಶಾಲೆಯಲ್ಲಿ ಚೆನ್ನಾಗಿ ಓದುವುದಕ್ಕೂ ಮುಂದೆ ದುಡಿಮೆಯಲ್ಲಿ ಏಳಿಗೆ ಹೊಂದುವುದಕ್ಕೂ ನಿಜವಾಗಿ ಸಂಬಂಧವಿದೆಯೇ? ಇದ್ದರೆ ಎಷ್ಟು? ಒಬ್ಬ ಹದಿನಾರು ವರ್ಷದ ಬಾಲಕನ ಭವಿಷ್ಯ ಈ ಪ್ರಶ್ನೆಯ ಉತ್ತರಕ್ಕೆ ಕಾದಿರುವಾಗ ಇದನ್ನು ಹರಟೆಯ ವಿಷಯವೆಂದು ಬಿಟ್ಟುಬಿಡಲಾಗದು.

ಆ ಮನೆಯ ಲೆಕ್ಕ

ಆ ಹಿರಿಯರು ಉದಾಹರಿಸಿದ ಮನೆಯನ್ನು ನಾವೂ ಬಲ್ಲೆವು. ಅಲ್ಲಿಯ ಹಿರಿಯ ಮಗ ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದವನು, ಪದವಿಯಲ್ಲಿ ಪ್ರಥಮ ದರ್ಜೆಯವನು. ಈಗ ಊರಿನ ಗ್ರಂಥಾಲಯದಲ್ಲಿ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ಕಿರಿಯವನು ಸಿಂಧನೂರಿನಲ್ಲಿ ಟ್ರ್ಯಾಕ್ಟರ್ ದುರಸ್ತಿಯ ಗ್ಯಾರೇಜು ನಡೆಸುತ್ತಾನೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ನಾಡಿನಲ್ಲಿ ಟ್ರ್ಯಾಕ್ಟರ್ ದುರಸ್ತಿ ಮಾಡಬಲ್ಲವನಿಗೆ ಕೆಲಸಕ್ಕೆ ಬರವಿಲ್ಲ. ಇಷ್ಟು ಮಾತ್ರ ನೋಡಿದರೆ ಅಂಗಳದಲ್ಲಿ ಕೇಳಿದ ತೀರ್ಮಾನ ಸರಿಯೆಂದೇ ತೋರುತ್ತದೆ.

ಆದರೆ ಕಿರಿಯವನು ಫೇಲಾದ ಮರುದಿನವೇ ಗ್ಯಾರೇಜು ತೆರೆಯಲಿಲ್ಲ. ಐದು ವರ್ಷ ಮೇಸ್ತ್ರಿಯೊಬ್ಬರ ಕೈಕೆಳಗೆ ಎಣ್ಣೆ ಮೆತ್ತಿದ ಬಟ್ಟೆಯಲ್ಲಿ, ಮೊದಲು ಊಟಕ್ಕೆ ಮಾತ್ರ, ಆಮೇಲೆ ಅಲ್ಪ ಸಂಬಳಕ್ಕೆ ದುಡಿದ. ಅದೂ ಒಂದು ಶಾಲೆಯೇ; ಅಲ್ಲಿಯೂ ಹಾಜರಿ ಇತ್ತು, ಪರೀಕ್ಷೆ ಇತ್ತು, ಬೈಗುಳವೂ ಇತ್ತು. ಅವನೊಡನೆ ಸೇರಿದ ಇನ್ನು ಕೆಲವರು ಅರ್ಧಕ್ಕೇ ಬಿಟ್ಟುಹೋದರು. ಗೆದ್ದವನೊಬ್ಬನನ್ನು ಊರೆಲ್ಲ ಬೆರಳಿಟ್ಟು ತೋರಿಸುತ್ತದೆ. ಬಿಟ್ಟುಹೋದವರು ಗುಳೆ ಹೋಗುವ ಲಾರಿಯಲ್ಲಿ ಕುಳಿತಿರುತ್ತಾರಾದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನೂ ಒಂದು ಮಾತು: ಇಂದು ಅವನ ಗ್ಯಾರೇಜಿನ ಬ್ಯಾಂಕ್ ಸಾಲದ ಕಾಗದ, ತೆರಿಗೆಯ ಲೆಕ್ಕ, ಬಿಡಿಭಾಗಗಳ ಬಿಲ್ಲು ಇವೆಲ್ಲವನ್ನು ನೋಡಿಕೊಳ್ಳುತ್ತಿರುವವನು ‘ಮನೆಯಲ್ಲಿ ಕುಳಿತ’ ಅಣ್ಣನೇ.

ಅಂಗಳದ ಲೆಕ್ಕದಲ್ಲಿ ಮರೆತುಹೋದ ಮೂರನೆಯವರೊಬ್ಬರಿದ್ದಾರೆ. ಆ ಮನೆಗೆ ಒಬ್ಬ ಮಗಳೂ ಇದ್ದಾಳೆ. ಮೂವರಲ್ಲಿ ಅತಿ ಹೆಚ್ಚು ಅಂಕ ಪಡೆದವಳು ಅವಳೇ: 625ಕ್ಕೆ 600ರ ಆಸುಪಾಸು. ಪಿಯುಸಿ ಆದ ಮೇಲೆ ಓದು ನಿಲ್ಲಿಸಿ ಮದುವೆ ಮಾಡಿದರು. ಎಂಟು ವರ್ಷ ಆ ಅಂಕಪಟ್ಟಿ ಟ್ರಂಕಿನ ತಳದಲ್ಲಿ ಬಿದ್ದಿತ್ತು. ಅನಂತರ ಅಂಚೆ ಇಲಾಖೆ ಗ್ರಾಮೀಣ ಡಾಕ್ ಸೇವಕರ ಹುದ್ದೆಗೆ ಅರ್ಜಿ ಕರೆದಾಗ ಅವಳು ಅರ್ಜಿ ಹಾಕಿದಳು. ಆ ಹುದ್ದೆಗೆ ಲಿಖಿತ ಪರೀಕ್ಷೆಯೂ ಇಲ್ಲ, ಸಂದರ್ಶನವೂ ಇಲ್ಲ; ಹತ್ತನೆಯ ತರಗತಿಯ ಅಂಕಗಳ ಮೇಲೆಯೇ ಆಯ್ಕೆ. ಇಂದು ಅವಳು ಒಂದು ಹಳ್ಳಿಯ ಶಾಖಾ ಅಂಚೆ ಕಚೇರಿಯ ಪೋಸ್ಟ್ ಮಾಸ್ತರಳು. ದಿನಕ್ಕೆ ನಾಲ್ಕೈದು ತಾಸಿನ ಕೆಲಸ, ಸ್ವಂತ ಸಂಪಾದನೆ, ಹಳ್ಳಿಯವರ ಗೌರವ. ಮರೆತುಹೋಗಿದ್ದ ಅಂಕಪಟ್ಟಿಯೇ ಆ ಬಾಗಿಲನ್ನು ತೆರೆಯಿತು. ಮೂವರು ಮಕ್ಕಳ ಮನೆಯಲ್ಲಿ ಇಬ್ಬರನ್ನು ಮಾತ್ರ ಎಣಿಸಿ ತೀರ್ಪು ಕೊಟ್ಟರೆ ಅದು ನ್ಯಾಯವಾದೀತೇ?

ಬಾಗಿಲು ಬೇರೆ, ಮನೆ ಬೇರೆ

ಈ ಮೂವರ ಬದುಕಿನಿಂದ ನಮಗೆ ತೋರುವುದಿಷ್ಟು. ಅಂಕವೆಂಬುದು ಬಾಗಿಲು ತೆರೆಯುವ ಕೀಲಿಕೈ. ಒಳಗೆ ಹೋದ ಮೇಲೆ ಬಾಳುವೆ ನಡೆಸುವುದು ಕೀಲಿಕೈಯಲ್ಲ. ಆದರೆ ಕೀಲಿಕೈ ಇಲ್ಲದವನು ಒಳಗೆ ಹೋಗುವುದೇ ಕಷ್ಟ. ಎಲ್ಲ ಬಾಗಿಲಿಗೂ ಒಂದೇ ಕೀಲಿಕೈ ಸಾಲದೆಂಬುದೂ ಅಷ್ಟೇ ನಿಜ.

ಕೆಲವು ಬಾಗಿಲುಗಳು ಇಂದಿಗೂ ಶಾಲೆಯ ಅಂಕದಿಂದಲೇ ತೆರೆಯುತ್ತವೆ. ಪಾಲಿಟೆಕ್ನಿಕ್ ಮತ್ತು ಐಟಿಐ ಪ್ರವೇಶಕ್ಕೆ ಎಸ್ಸೆಸ್ಸೆಲ್ಸಿ ಅಂಕಗಳೇ ಆಧಾರ. ಎಂಜಿನಿಯರಿಂಗ್ ಸೀಟಿನ ರ‍್ಯಾಂಕ್ ನಿರ್ಣಯಿಸುವಾಗ ಸಿಇಟಿಯ ಅಂಕದಷ್ಟೇ ತೂಕ ದ್ವಿತೀಯ ಪಿಯುಸಿಯ ಅಂಕಕ್ಕೂ ಇದೆ. ಇನ್ನು ಕೆಲವು ಬಾಗಿಲುಗಳ ಬೀಗವೇ ಬದಲಾಗಿದೆ. ಹಿಂದೆ ಗ್ರಾಮಲೆಕ್ಕಿಗರ ನೇಮಕಾತಿ ಪಿಯುಸಿ ಅಂಕಗಳ ಮೇಲೆ ನಡೆಯುತ್ತಿತ್ತು. ಅದನ್ನೇ ನಂಬಿ ನಮ್ಮ ಭಾಗದ ಎಷ್ಟೋ ಮಕ್ಕಳು ಪಿಯುಸಿಯಲ್ಲಿ ಹಗಲಿರುಳು ಓದಿದ್ದುಂಟು. 2024ರಲ್ಲಿ 1,000 ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆಯೇ ನಡೆಯಿತು. ಆ ಮನೆಯ ಹಿರಿಯ ಮಗನಂಥವರು ಕೈಯಲ್ಲಿ ಹಿಡಿದ ಕೀಲಿಕೈ ಆ ಬೀಗಕ್ಕೆ ಹೊಂದದೆ ಹೊಸ ಕೀಲಿಕೈ ಕಡೆಯಲು ಕುಳಿತಿರುವುದು ಅವರ ಸೋಮಾರಿತನದಿಂದಲ್ಲ.

ಆ ಹಾದಿಯಲ್ಲಿ ನಿರಾಸೆಗಳೂ ಇವೆ. 2021ರಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆ ಅಕ್ರಮದ ಕಾರಣದಿಂದ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದವರ ಎರಡು ವರ್ಷಗಳು ಹಾಗೆ ಸವೆದುಹೋದವು. 2024ರ ನವೆಂಬರಿನಲ್ಲಿ ಪಿಡಿಒ ಹುದ್ದೆಗಳ ಪರೀಕ್ಷೆಯ ದಿನ ಸಿಂಧನೂರಿನಲ್ಲಿಯೇ ಅಭ್ಯರ್ಥಿಗಳು ಪ್ರಶ್ನೆಪತ್ರಿಕೆಯ ಬಗೆಗೆ ಆಕ್ಷೇಪವೆತ್ತಿ ಹೊರಬಂದು ರಸ್ತೆಯಲ್ಲಿ ಪ್ರತಿಭಟಿಸಿದ್ದನ್ನು ನಮ್ಮ ಓದುಗರು ಮರೆತಿರಲಾರರು. ಇವನ್ನೆಲ್ಲ ಕಂಡ ತಂದೆಯೊಬ್ಬನಿಗೆ ಓದಿನ ಮೇಲೆಯೇ ಬೇಸರ ಬಂದರೆ ಅದನ್ನು ಅಜ್ಞಾನವೆಂದು ಜರಿಯುವುದು ಸರಿಯಲ್ಲ. ಆದರೆ ತಪ್ಪಿರುವುದು ಪರೀಕ್ಷೆ ನಡೆದ ರೀತಿಯಲ್ಲಿ. ಬಾಗಿಲ ಬಳಿ ನೂಕುನುಗ್ಗಲಾಯಿತೆಂದು ಮಗನ ಕೈಯ ಕೀಲಿಕೈಯನ್ನೇ ಕಾಲುವೆಗೆ ಎಸೆಯುವುದು ವಿವೇಕವಲ್ಲ.

ಬಲ್ಲವರು ಕಂಡದ್ದು

ಅಂಕಕ್ಕೂ ಬಾಳಿನ ಏಳಿಗೆಗೂ ಇರುವ ಸಂಬಂಧವನ್ನು ಹೊರದೇಶದ ವಿದ್ವಾಂಸರು ದಶಕಗಳ ಕಾಲ ಹಿಂಬಾಲಿಸಿ ನೋಡಿದ್ದಾರೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1981ರಲ್ಲಿ ತಮ್ಮ ತಮ್ಮ ಪ್ರೌಢಶಾಲೆಗೆ ಮೊದಲಿಗರಾಗಿ ಹೊರಬಂದ 81 ವಿದ್ಯಾರ್ಥಿಗಳನ್ನು ಕ್ಯಾರೆನ್ ಆರ್ನಾಲ್ಡ್ ಎಂಬ ಸಂಶೋಧಕಿ ವರ್ಷಗಟ್ಟಲೆ ಗಮನಿಸಿ 1995ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅವರಲ್ಲಿ ಬಹುಪಾಲು ಮಂದಿ ಕಾಲೇಜಿನಲ್ಲಿಯೂ ಚೆನ್ನಾಗಿ ಓದಿ ಭದ್ರವಾದ ಉದ್ಯೋಗಗಳಲ್ಲಿ ನೆಲೆಗೊಂಡರು. ಆದರೆ ಲೋಕವನ್ನು ಬೆರಗುಗೊಳಿಸುವಂಥ ಹೊಸ ಸಾಧನೆಯ ಹಾದಿ ಹಿಡಿದವರು ಅಪರೂಪ. ಶಾಲೆಯ ಅಂಕ ಶ್ರಮ, ಶಿಸ್ತುಗಳನ್ನು ಅಳೆಯುತ್ತದೆ. ನೆಮ್ಮದಿಯ ಜೀವನಕ್ಕೆ ಅಷ್ಟು ಸಾಕು. ಅಸಾಮಾನ್ಯ ಪ್ರತಿಭೆಯನ್ನು ಅದು ಅಳೆಯಲಾರದು.

ಅಳತೆಗೋಲು ತಪ್ಪುವುದಕ್ಕೆ ಇನ್ನೊಂದು ನಿದರ್ಶನ ಪ್ರಸಿದ್ಧವಾಗಿದೆ. ಲೂಯಿ ಟರ್ಮನ್ ಎಂಬ ಮನೋವಿಜ್ಞಾನಿ 1921ರಿಂದ ಕ್ಯಾಲಿಫೋರ್ನಿಯಾದಲ್ಲಿ ಬುದ್ಧಿಪರೀಕ್ಷೆಯ ಮೂಲಕ ಸುಮಾರು 1,500 ಅತಿ ಬುದ್ಧಿವಂತ ಮಕ್ಕಳನ್ನು ಆರಿಸಿ ಅವರ ಬದುಕನ್ನು ಅಧ್ಯಯನ ಮಾಡಿದರು. ಆ ಆಯ್ಕೆಯಲ್ಲಿ ಅಂಕ ಸಾಲದೆಂದು ಬಿಟ್ಟುಹೋದ ಬಾಲಕರಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿ ಅಲ್ವಾರೆಜ್ ಎಂಬಿಬ್ಬರು ಮುಂದೆ, ಒಬ್ಬರು 1956ರಲ್ಲಿ, ಮತ್ತೊಬ್ಬರು 1968ರಲ್ಲಿ, ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಪಡೆದರು. ಆಯ್ಕೆಯಾದ ಮಕ್ಕಳಲ್ಲಿ ಯಾರಿಗೂ ಆ ಗೌರವ ಸಿಗಲಿಲ್ಲ.

ನಮ್ಮ ಬಡ ಕುಟುಂಬಗಳಿಗೆ ಹೆಚ್ಚು ಹತ್ತಿರವಾದದ್ದು ಮೂರನೆಯ ಅಧ್ಯಯನ. ಮಿಶಿಗನ್ ರಾಜ್ಯದ ಇಪ್ಸಿಲಾಂಟಿ ಎಂಬ ಊರಿನಲ್ಲಿ 1962ರಿಂದ ಕಡುಬಡ ಮನೆಗಳ ಎಳೆಯ ಮಕ್ಕಳಿಗಾಗಿ ಒಂದು ಶಿಶುವಿಹಾರ ನಡೆಯಿತು. ಅಲ್ಲಿ ಕಲಿತವರನ್ನೂ, ಅಂಥದೇ ಮನೆಗಳ, ಆದರೆ ಅಲ್ಲಿ ಕಲಿಯದ ಮಕ್ಕಳನ್ನೂ ನಲವತ್ತರ ವಯಸ್ಸು ದಾಟುವವರೆಗೆ ಹೋಲಿಸಿ ನೋಡಿದರು. ಬುದ್ಧಿಪರೀಕ್ಷೆಯ ಅಂಕಗಳಲ್ಲಿ ಮೊದಲು ಕಂಡ ಮುನ್ನಡೆ ಕೆಲವೇ ವರ್ಷಗಳಲ್ಲಿ ಕರಗಿಹೋಯಿತು. ಆದರೂ ಅಲ್ಲಿ ಕಲಿತವರು ದೊಡ್ಡವರಾದ ಮೇಲೆ ಹೆಚ್ಚು ಸಂಪಾದಿಸಿದರು. ಸೆರೆಮನೆಯ ದಾರಿ ಹಿಡಿದವರೂ ಅವರಲ್ಲಿ ಕಡಿಮೆ. ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಇದನ್ನು ವಿಶ್ಲೇಷಿಸಿ, ಬೆಳೆಸಿದ್ದು ಬುದ್ಧಿಯ ಅಂಕವನ್ನಲ್ಲ, ಯೋಜಿಸುವ, ಹಿಡಿದ ಕೆಲಸ ಬಿಡದ, ಇತರರೊಡನೆ ಹೊಂದಿ ನಡೆಯುವ ಗುಣವನ್ನು ಎಂದು ತೋರಿಸಿದರು. ಅಂದರೆ ಶಾಲೆ ಕೊಡುವುದರಲ್ಲಿ ಒಂದು ಭಾಗ ಮಾತ್ರ ಅಂಕಪಟ್ಟಿಯಲ್ಲಿ ಕಾಣುತ್ತದೆ. ಹೊತ್ತಿಗೆ ಸರಿಯಾಗಿ ಹಾಜರಾಗುವುದು, ತಿಳಿಯದ್ದನ್ನು ಕೇಳುವುದು, ತಪ್ಪಿದರೆ ಮತ್ತೆ ಕೂಡುವುದು ಇವೆಲ್ಲ ಅಲ್ಲಿಯೇ ಕಲಿತದ್ದಾದರೂ ಅದರಲ್ಲಿ ಅಚ್ಚಾಗುವುದಿಲ್ಲ.

ಲಿಂಗಸೂಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಟನ್ ಅದಿರಿನಲ್ಲಿ ಸಿಗುವುದು ಕೆಲವೇ ಗ್ರಾಂ ಚಿನ್ನ. ಒಂದೆಡೆಯ ಒಂದು ಚೂರನ್ನು ಪರೀಕ್ಷಿಸಿ ಗಣಿಯ ಬೆಲೆ ಕಟ್ಟುವವರಿಲ್ಲ. ಹಲವು ಆಳಗಳಲ್ಲಿ ಕೊರೆದು ನೋಡುತ್ತಾರೆ. ಹತ್ತನೆಯ ತರಗತಿಯ ಪರೀಕ್ಷೆ ಒಂದು ಚೂರಿನ ಪರೀಕ್ಷೆ. ಅದನ್ನು ಅಲಕ್ಷಿಸುವುದು ಎಷ್ಟು ತಪ್ಪೋ ಅದರಿಂದಲೇ ಗಣಿಯನ್ನು ಮುಚ್ಚಿಬಿಡುವುದೂ ಅಷ್ಟೇ ತಪ್ಪು.

ನಮ್ಮ ಧರ್ಮಸಭೆಯ ಚರಿತ್ರೆಯಲ್ಲಿಯೂ ಇದಕ್ಕೆ ಸಾಕ್ಷಿಯಿದೆ. ಫ್ರಾನ್ಸ್ ದೇಶದ ಜಾನ್ ಮರಿಯ ವಿಯಾನ್ನಿಗೆ ಲತೀನ್ ಭಾಷೆ ತಲೆಗೆ ಹತ್ತಲಿಲ್ಲ. ಗುರುವಿದ್ಯಾಮಂದಿರದಿಂದ ಹಿಂದೆ ಕಳಿಸಿದರು. ಬಾಲೆ ಎಂಬ ಗುರುಗಳು ಅವನನ್ನು ತಮ್ಮ ಬಳಿ ಇಟ್ಟುಕೊಂಡು ತಾಳ್ಮೆಯಿಂದ ಪಾಠ ಹೇಳಿದರು. 1815ರಲ್ಲಿ ಅವನಿಗೆ ಗುರುದೀಕ್ಷೆಯಾಯಿತು. ಆರ್ಸ್ ಎಂಬ ಕುಗ್ರಾಮದ ಆ ಗುರುಗಳ ಬಳಿಗೆ ಮುಂದೆ ಪ್ರತಿ ವರ್ಷ ಸಹಸ್ರಾರು ಜನ ಪಾಪನಿವೇದನೆಗೆ ಬಂದರು. 1925ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಅವರ ಕಥೆಯನ್ನು ‘ಓದದಿದ್ದರೂ ಸಂತರಾದರು’ ಎಂದು ಹೇಳುವುದುಂಟು. ಅದು ತಪ್ಪು. ಅವರು ಓದನ್ನು ಬಿಡಲಿಲ್ಲ. ಅವರನ್ನು ಕೈಬಿಡದ ಒಬ್ಬ ಶಿಕ್ಷಕರಿದ್ದರು.

ಪಕ್ಕದ ಮೆಟ್ಟಿಲುಗಳು

ಹಾಗಾದರೆ ಪಾಲಕರು ಏನು ಮಾಡಬೇಕು? ಮೊದಲಾಗಿ ತಿಳಿಯಬೇಕಾದದ್ದು, 85 ಮತ್ತು 95ರ ನಡುವಿನ ಅಂತರಕ್ಕಿಂತ ಪಾಸು ಮತ್ತು ಫೇಲಿನ ನಡುವಿನ ಅಂತರ ಬಹಳ ದೊಡ್ಡದೆಂಬುದು. ಮೊದಲನೆಯದು ಒಂದೆರಡು ಬಾಗಿಲುಗಳ ವ್ಯತ್ಯಾಸ. ಎರಡನೆಯದು ಹತ್ತಾರು ಬಾಗಿಲುಗಳದು. ಎಸ್ಸೆಸ್ಸೆಲ್ಸಿ ಪ್ರಮಾಣಪತ್ರವಿಲ್ಲದವನಿಗೆ ಡಿಪ್ಲೊಮಾ ಇಲ್ಲ, ಪಿಯುಸಿ ಇಲ್ಲ, ಅಂಚೆಯ ಆ ಸಣ್ಣ ಹುದ್ದೆಯೂ ಇಲ್ಲ. ಮಗಳಿಗೆ 95 ಬರಲಿಲ್ಲವೆಂದು ಅವಳನ್ನು ಅಳಿಸುವ ಮನೆಗಳೂ, ಮಗ ಫೇಲಾದರೆ ಅದೇ ಅವನ ಹಣೆಬರಹವೆಂದು ಕೈಚೆಲ್ಲುವ ಮನೆಗಳೂ ನಮ್ಮಲ್ಲಿವೆ. ಚಿಂತೆ ಅನಗತ್ಯವಾದಲ್ಲಿ ಹೆಚ್ಚಾಗಿದೆ, ಅಗತ್ಯವಾದಲ್ಲಿ ಕಡಿಮೆಯಾಗಿದೆ.

ಅನುತ್ತೀರ್ಣರಾದವರಿಗೆ ಈಗ ಹಿಂದಿನಂತೆ ವರ್ಷ ಹಾಳಾಗಬೇಕಿಲ್ಲ. ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಇದೆ. ಬಿಟ್ಟುಹೋದ ವಿಷಯಗಳನ್ನು ಮಾತ್ರ ಬರೆದು ಅದೇ ವರ್ಷ ಮುಂದಕ್ಕೆ ಹೋಗುವ ಅವಕಾಶವಿದೆ. ಶಾಲೆ ಬಿಟ್ಟು ಬಹಳ ಕಾಲವಾದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ದಾರಿಯೂ ಇದೆ.

ಅಂಕ ಸಾಧಾರಣವಾಗಿದ್ದರೂ ಮೇಲೇರುವ ಪಕ್ಕದ ಮೆಟ್ಟಿಲುಗಳಿವೆ. ಎರಡು ವರ್ಷದ ಐಟಿಐ ಮುಗಿಸಿದವನು ನೇರವಾಗಿ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಬಹುದು; ಡಿಪ್ಲೊಮಾ ಮುಗಿಸಿದವನು ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಬಹುದು. ಕೈಕೆಲಸದಲ್ಲಿ ಆಸಕ್ತಿಯಿರುವ ಹುಡುಗನಿಗೆ ಬೆಂಗಳೂರಿನ ಕಟ್ಟಡಕ್ಕೆ ಸಿಮೆಂಟ್ ಹೊರುವುದಕ್ಕಿಂತ ಇದು ಮೇಲಲ್ಲವೇ? ಹೊಲವುಳ್ಳ ಮನೆಗಳ ಮಕ್ಕಳಿಗೆ ಕೃಷಿ ಪದವಿಯ ಸೀಟುಗಳಲ್ಲಿ ಪ್ರತ್ಯೇಕ ಪಾಲಿದೆ. ಅದಕ್ಕಾಗಿ ಪ್ರಾಯೋಗಿಕ ಪರೀಕ್ಷೆಯೊಂದನ್ನು ಎದುರಿಸಬೇಕು. ರಾಯಚೂರಿನಲ್ಲಿಯೇ ಕೃಷಿ ವಿಶ್ವವಿದ್ಯಾಲಯವಿರುವಾಗ ಭತ್ತದ ಗದ್ದೆಯಲ್ಲಿ ಬೆಳೆದ ನಮ್ಮ ಮಕ್ಕಳು ಅತ್ತ ನೋಡದಿರುವುದು ಸೋಜಿಗ.

ಕೇಳಿ ಪಡೆಯಬೇಕಾದ ಹಕ್ಕು

ನಮ್ಮ ಭಾಗದ ಮಕ್ಕಳ ಅಂಕಕ್ಕೆ ಬೆಂಬಲವಾಗಿ ಸಂವಿಧಾನವೇ ನಿಂತಿದೆ. 2012ರಲ್ಲಿ ಸಂಸತ್ತು ಅಂಗೀಕರಿಸಿದ 98ನೆಯ ತಿದ್ದುಪಡಿಯ ಮೂಲಕ 371(ಜೆ) ವಿಧಿ ಸೇರ್ಪಡೆಯಾಯಿತು. ಅದರ ಮೇರೆಗೆ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70, ರಾಜ್ಯದ ಉಳಿದೆಡೆಯ ಸಂಸ್ಥೆಗಳಲ್ಲಿ ಶೇಕಡಾ 8 ಸ್ಥಾನಗಳ ಮೀಸಲು ಇದೆ. ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಗ್ರೂಪ್ ಬಿ ವರ್ಗಕ್ಕೆ ಶೇಕಡಾ 75, ಗ್ರೂಪ್ ಸಿಗೆ 80, ಗ್ರೂಪ್ ಡಿಗೆ 85ರಷ್ಟು ಸ್ಥಳೀಯರಿಗೇ ಸಲ್ಲುತ್ತವೆ. ಅರ್ಹತಾ ಪ್ರಮಾಣಪತ್ರವನ್ನು ಕೊಡುವವರು ಉಪವಿಭಾಗಾಧಿಕಾರಿಗಳು. ಅವರ ಕಚೇರಿಯೊಂದು ಲಿಂಗಸೂಗೂರಿನಲ್ಲಿಯೇ ಇದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದವರಿಗೆ ಇನ್ನೊಂದು ಮೀಸಲು ಇವೆ. ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರಿಗೆ ಸ್ಥಾನವಿದೆ. ಅಲ್ಪಸಂಖ್ಯಾತರಿಗಾಗಿ ‘ಅರಿವು’ ಎಂಬ ಶಿಕ್ಷಣ ಸಾಲದ ಯೋಜನೆಯೂ ಇದೆ.

ಮುದಗಲ್ಲಿನಲ್ಲಿ ಹದಿನಾರನೆಯ ಶತಮಾನದಿಂದಲೂ ಕಥೋಲಿಕ ಮನೆಗಳಿವೆ; ಈ ನೆಲಕ್ಕೆ ನಾವು ಹೊಸಬರಲ್ಲ. ಆದರೂ ಈ ಹಕ್ಕುಗಳನ್ನು ಬಳಸಿಕೊಳ್ಳುವುದರಲ್ಲಿ ಹಿಂದಿದ್ದೇವೆ. ಒಳ್ಳೆಯ ಅಂಕ ಪಡೆದ ಮಗು ಒಂದು ಕಾಗದವಿಲ್ಲದೆ ಸೀಟು ಕಳೆದುಕೊಂಡರೆ ಅದು ಮಗುವಿನ ತಪ್ಪಲ್ಲ. ನಮ್ಮ ಧರ್ಮಕೇಂದ್ರಗಳ ಪಾಲನಾ ಸಮಿತಿಗಳು ಜನವರಿಯಲ್ಲಿಯೇ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಮಕ್ಕಳ ಪಟ್ಟಿ ಮಾಡಿ, ಪ್ರಮಾಣಪತ್ರಗಳು ಸಿದ್ಧವಾಗಿವೆಯೇ ಎಂದು ಮನೆ ಮನೆಗೆ ಕೇಳಬಾರದೇಕೆ? ಗಣಿತ, ಇಂಗ್ಲಿಷಿನಲ್ಲಿ ಹಿಂದುಳಿದವರಿಗೆ ಸಂಜೆಯ ಹೊತ್ತು ಪಾಠ ಹೇಳಲು ಪದವೀಧರ ಯುವಕರು ಮುಂದೆ ಬರಬಾರದೇಕೆ? ‘ಮನೆಯಲ್ಲಿ ಕುಳಿತವರು’ ಎಂದು ನಾವು ಹಗುರವಾಗಿ ಆಡಿಕೊಳ್ಳುವವರಿಗೆ ಇದಕ್ಕಿಂತ ಯೋಗ್ಯವಾದ ಸೇವೆ ಯಾವುದು?

ಮಸ್ಕಿಯ ಬಂಡೆ

1915ರಲ್ಲಿ ಸಿ. ಬೀಡನ್ ಎಂಬ ಎಂಜಿನಿಯರು ಚಿನ್ನದ ಅದಿರನ್ನು ಹುಡುಕುತ್ತ ಮಸ್ಕಿಯ ಬೆಟ್ಟದಲ್ಲಿ ಅಲೆಯುವಾಗ ಅಕ್ಷರಗಳಿದ್ದ ಬಂಡೆಯೊಂದನ್ನು ಕಂಡರು. ಅದು ಅಶೋಕ ಚಕ್ರವರ್ತಿಯ ಶಾಸನ. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರೂ ಮೊದಲ ಬಾರಿಗೆ ಶಾಸನವೊಂದರಲ್ಲಿ ಕಂಡದ್ದು ಅಲ್ಲಿಯೇ ಎಂಬುದನ್ನು ನಮ್ಮ ಮಕ್ಕಳು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಆದರೆ ಆ ಬಂಡೆ ಹೇಳುವುದೇನೆಂದು ಕೇಳುವವರು ಕಡಿಮೆ. ಧರ್ಮದಲ್ಲಿ ಶ್ರದ್ಧೆಯಿಂದ ನಡೆದರೆ ಸಾಮಾನ್ಯನೂ ಉನ್ನತಿಯನ್ನು ಹೊಂದಬಲ್ಲ, ಅದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ಭಾವಿಸಬಾರದು ಎಂಬುದು ಅದರ ತಾತ್ಪರ್ಯ. ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಈ ಮಾತು ನಮ್ಮ ಊರ ಬಂಡೆಯ ಮೇಲೆಯೇ ಇದೆ.

ಅಂಗಳದಲ್ಲಿ ಮಾತನಾಡಿದ ಆ ಹಿರಿಯರನ್ನು ನಾವು ಮರುವಾರ ಮತ್ತೆ ಕಂಡೆವು. ಪಕ್ಕದ ಮನೆಯ ಮೂವರ ಲೆಕ್ಕವನ್ನು ಅವರ ಮುಂದಿಟ್ಟೆವು. ಬಹಳ ಹೊತ್ತು ಅವರು ಏನೂ ಹೇಳಲಿಲ್ಲ. ಕೊನೆಗೆ, “ಹೆಣ್ಣುಮಗಳ ಸುದ್ದಿ ನನಗ ನೆನಪೇ ಇರಲಿಲ್ಲರೀ” ಎಂದರು. ಹುಡುಗ ಬೆಂಗಳೂರಿಗೆ ಹೋಗಲಿಲ್ಲ. ಪರೀಕ್ಷೆ-2ರ ಶುಲ್ಕ ಕಟ್ಟಿದ್ದಾಯಿತು. ಪಕ್ಕದ ಮನೆಯ ಬಿ.ಎ. ಓದಿದ ಯುವಕ ದಿನವೂ ಸಂಜೆ ಎರಡು ತಾಸು ಅವನಿಗೆ ಗಣಿತ ಮತ್ತು ಇಂಗ್ಲಿಷ್ ಹೇಳಿಕೊಡುತ್ತಿದ್ದಾನೆ. ಈ ಬರಹ ಅಚ್ಚಿಗೆ ಹೋಗುವ ಹೊತ್ತಿಗೆ ಪರೀಕ್ಷೆ ಇನ್ನೂ ನಡೆದಿಲ್ಲ. ಅವನು ಪಾಸಾಗುವನೋ ಇಲ್ಲವೋ ನಾವು ಹೇಳಲಾರೆವು. ಪಾಸಾದರೆ ಐಟಿಐಗೆ ಸೇರುವೆನೆಂದು ಅವನು ಹೇಳುತ್ತಾನೆ. ಸಿಂಧನೂರಿನ ಆ ಗ್ಯಾರೇಜಿನವನು ರಜೆಯಲ್ಲಿ ಕೆಲಸ ಕಲಿಸುವೆನೆಂದು ಒಪ್ಪಿದ್ದಾನೆ.

ಪ್ರಿಯ ಪಾಲಕರೇ, ನಿಮ್ಮ ಧರ್ಮಕೇಂದ್ರದಲ್ಲಿಯೂ ಇಂಥ ಬಾಲಕನೊಬ್ಬ ಈ ಹೊತ್ತು ಪುಸ್ತಕ ಮುಚ್ಚಿಟ್ಟು ಕುಳಿತಿರಬಹುದು. ಪರೀಕ್ಷಾ ಶುಲ್ಕದ ಕೊನೆಯ ದಿನ ಯಾವುದೆಂದು ಅವನ ಶಾಲೆಯಲ್ಲಿ ನಾಳೆಯೇ ವಿಚಾರಿಸಿರಿ.